ಪುಕ್ಕಟೆ ರವಿವಾರ

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಜವಾನಪಟ್ಟಿಯ ಹಿತ್ತಾಳೆ ಬಿಲ್ಲೆಯನ್ನು ಬೂದಿ ಹಾಕಿ ಉಜ್ಜುತ್ತ ಕುಳಿತ ದೇವದಾನಪ್ಪ, ಇವತ್ತು ಹೇಳಿಯೇಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಹೇಳಬೇಕಾದದ್ದು ದೊಡ್ಡ ಭಾಷಣವೇನಲ್ಲ. ಖಾಜಾ, ನೀ ನಮಾಜಿಗೆ ಹೋಗಿ ಬಾ, ಸಾಹೇಬರ ಬಾಗಲಾ ನಾ ನೋಡ್ಕೋತೀನಿ. ಇಷ್ಟೇ. ಸುರಪುರದ ಮುನ್ಸೀಫ ಕಚೇರಿಯಲ್ಲಿ ಕಕ್ಷಿದಾರರ ಹೆಸರು ಕೂಗುವುದು ಅವನ ನೌಕರಿ. ಜಗಲಿಯ ಮೇಲೆ ನಿಂತು ಒಮ್ಮೆ ಕೂಗಿದನೆಂದರೆ ರಸ್ತೆಯಾಚೆಯ ಅಂಗಡಿಯಲ್ಲಿ ಬಸಿಗೆ ಚಹಾ ಸುರಿದುಕೊಂಡು ಕೂತವನೂ ಅದನ್ನು ಅಲ್ಲೇ ಬಿಟ್ಟು ಓಡಿ ಬರಬೇಕು. ಅಂಥ ಗಂಟಲಿನಲ್ಲಿ ಇಷ್ಟು ಸಣ್ಣ ಮಾತು ಎರಡು ತಿಂಗಳಿಂದ ಸಿಕ್ಕಿಹಾಕಿಕೊಂಡಿತ್ತು. ಒಂದು ಶುಕ್ರವಾರ ಹೇಳಲು ಹೋದಾಗ ಜೊತೆಯ ಜವಾನ ಖಾಜಾಹುಸೇನ ದೊಡ್ಡದಾಗಿ ಆಕಳಿಸಿದ, ಮಾತು ಹಾಗೇ ಉಳಿಯಿತು. ಇನ್ನೊಂದು ಶುಕ್ರವಾರ ಶಿರಸ್ತೇದಾರ ಗುರಪ್ಪ ಅಡ್ಡ ಬಂದ. ಮತ್ತೊಂದು ಶುಕ್ರವಾರ ಯಾರೂ ಅಡ್ಡ ಬರಲಿಲ್ಲ, ಆಕಳಿಸಲೂ ಇಲ್ಲ. ಆ ದಿನವೂ ದೇವದಾನಪ್ಪ ಹೇಳಲಿಲ್ಲ.

"ಅದನ್ನ ಎಷ್ಟಂತ ತಿಕ್ತೀರಿ, ಸವದೀತು ಬಿಡ್ರಿ," ಎಂದು ಒಲೆಯ ಮುಂದಿನಿಂದ ಹೆಂಡತಿ ಸುವಾರ್ತಮ್ಮ ಅಂದಳು. ಬುತ್ತಿ ಕಟ್ಟುತ್ತಿದ್ದಳು: ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. "ಖಾಜಣ್ಣಗ ಎರಡು ರೊಟ್ಟಿ ಜಾಸ್ತಿ ಹಾಕೀನಿ. ನೀವಽ ಎಲ್ಲಾ ತಿಂದು ಬರಬ್ಯಾಡ್ರಿ ಮತ್ತ."

"ಸ್ತೋತ್ರ," ಅಂದ ದೇವದಾನಪ್ಪ. ಯಾವ ಮಾತಿಗೂ ಮೊದಲು ದೇವರಿಗೊಂದು ಸ್ತೋತ್ರ ಹೇಳುವುದು ಅವನ ರೂಢಿ. ಚಹಾದ ಬಸಿ ಮುಂದೆ ಬಂದರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡದೆ ತುಟಿಗೆ ಹಚ್ಚುವವನಲ್ಲ; ಕಣ್ಣು ತೆರೆಯುವಷ್ಟರಲ್ಲಿ ಚಹಾ ಆರಿ, ಪಕ್ಕದವರು ಎದ್ದು ಹೋಗಿರುತ್ತಿದ್ದರು. ಸುವಾರ್ತಮ್ಮ ರೊಟ್ಟಿ ಬಡಿಯುತ್ತಲೇ ಪ್ರಾರ್ಥನೆ ಮುಗಿಸುವವಳು, ಅದೂ ಬಾಯಿಂದ ಒಂದಕ್ಷರ ಹೊರಬೀಳದಂತೆ. ಅದು ಪ್ರಾರ್ಥನೆ ಹೌದೋ ಅಲ್ಲವೋ ಎಂದು ಅವನಿಗೆ ಮದುವೆಯಾದಾಗಿನಿಂದ ಒಂದು ಸಣ್ಣ ಅನುಮಾನ. ಹೋದ ವರ್ಷ ಮಿಲ್ಟ್ರಿ ಬಂದು ನಿಜಾಮರ ಸರಕಾರ ಹೋದಾಗ, ಆ ಗದ್ದಲದ ದಿನಗಳಲ್ಲಿ, ಸುವಾರ್ತಮ್ಮ ಯಾರಿಗೂ ಹೇಳದೆ ಕೇಳದೆ ಹೋಗಿ ಖಾಜಾಹುಸೇನನ ಹೆಂಡತಿ ಕುಬ್ರಾಬೇಗಂಳನ್ನು ಮಕ್ಕಳ ಸಮೇತ ಕರೆತಂದು ನಾಲ್ಕು ದಿನ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಒಂದು ರವಿವಾರ ಪ್ರಾರ್ಥನೆ ಮನೆಯಲ್ಲಿ ಎದ್ದು ನಿಂತು, ನಮ್ಮ ಮನೆಯಲ್ಲಿ ಕರ್ತನು ನಡೆಸಿದ ಕಾರ್ಯ ಎಂದು ಕಣ್ಣೀರು ತುಂಬಿ ಸಾಕ್ಷಿ ಹೇಳಿದವನು ದೇವದಾನಪ್ಪ. ಆ ನಾಲ್ಕೂ ದಿನ ತಾನು ಬಾಗಿಲಿಗೆ ಅಗಳಿ ಜಡಿದು, ಜ್ವರ ಬಂದವನ ಹಾಗೆ ಕಂಬಳಿ ಹೊದ್ದು ಮಲಗಿದ್ದನ್ನು ಸೇರಿಸಲು ಸಾಕ್ಷಿಯಲ್ಲಿ ಜಾಗ ಸಾಲಲಿಲ್ಲ. ಸುವಾರ್ತಮ್ಮ ಹೆಂಗಸರ ಸಾಲಿನಲ್ಲಿ ಕೂತು ಸೆರಗಿನ ತುದಿಯ ದಾರ ಕೀಳುತ್ತಿದ್ದಳು. ಅವಳು ಅದರ ಬಗ್ಗೆ ಮನೆಯಲ್ಲೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗೀಗ ಅನಿಸುತ್ತದೆ.

ಬುತ್ತಿ ಹಿಡಿದು ಏರು ಹತ್ತುವಾಗ ಬಿಸಿಲು ಆಗಲೇ ಬಂಡೆಗಳನ್ನು ಕಾಯಿಸಲು ಶುರು ಮಾಡಿತ್ತು. ಈ ಏರನ್ನು ಅವನು ಹನ್ನೆರಡು ವರ್ಷ ರವಿವಾರಗಳಂದು ಓಡುತ್ತ ಹತ್ತಿದ್ದ. ನಿಜಾಮರ ಕಾಲದಲ್ಲಿ ವಾರದ ಸೂಟಿ ಶುಕ್ರವಾರ. ರವಿವಾರ ಕಚೇರಿ ತೆರೆದೇ ಇರುತ್ತಿತ್ತು. ಸರಕಾರಿ ನೌಕರಿಯಲ್ಲಿದ್ದ ಕ್ರೈಸ್ತರು ಊರಿನಲ್ಲಿ ಅವನನ್ನು ಬಿಟ್ಟು ಇನ್ನೊಬ್ಬರಿಲ್ಲ. ಹೀಗಾಗಿ ಕರ್ತನ ದಿನವನ್ನು ಕಾಯುವ ಜವಾಬ್ದಾರಿ ತನ್ನೊಬ್ಬನ ಮೇಲೇ ಬಿದ್ದಿದೆ ಎಂದು ಅವನಿಗೆ ಅನಿಸುತ್ತಿತ್ತು, ಹಾಗೆ ಅನಿಸುವುದರಲ್ಲಿ ಒಂದು ಸುಖವೂ ಇತ್ತು. ಕೋಳಿ ಕೂಗುವ ಮೊದಲೇ ಎದ್ದು, ಮಿಂದು, ತಲೆಗೆ ಎಣ್ಣೆ ಹಚ್ಚಿ, ಜವಾನಪಟ್ಟಿಯನ್ನು ಹೆಗಲಿಗೇರಿಸಿ ಪ್ರಾರ್ಥನೆ ಮನೆಗೆ ಬರುತ್ತಿದ್ದ. ಕೊನೆಯ ಕೀರ್ತನೆ ಮುಗಿದು ಉಳಿದವರು ಕೈ ಕುಲುಕುತ್ತ, ಯಾದಗಿರಿಯಿಂದ ಬಂದ ಬೋಧಕ ಅಯ್ಯನವರ ಹತ್ತಿರ ಮಕ್ಕಳ ತಲೆ ಮುಟ್ಟಿಸುತ್ತ ನಿಂತಿದ್ದಾಗ ಇವನು ಎಲ್ಲರ ನಡುವಿನಿಂದ ಪಟ್ಟಿ ಬಿಗಿಯುತ್ತ ಓಡಬೇಕು. ಆಗ ಎಲ್ಲರೂ ತಿರುಗಿ ನೋಡುತ್ತಿದ್ದರು. ಅಯ್ಯನವರು ಒಮ್ಮೆ ಬೋಧನೆಯ ನಡುವೆಯೇ ಅವನತ್ತ ಕೈ ತೋರಿಸಿ, ಈ ಸಹೋದರನನ್ನು ನೋಡಿರಿ ಅಂದಿದ್ದರು. ನೌಕರಿ ಹೋದರೂ ಹೋಗಲಿ, ರವಿವಾರದ ಪ್ರಾರ್ಥನೆ ಬಿಡಲಾರೆ, ಒಂದು ಸುಳ್ಳನ್ನೂ ಆಡದೆ ಕರ್ತನು ನನ್ನನ್ನು ನಡೆಸಿದ್ದಾನೆ ಎಂದು ಅವನು ವರ್ಷಕ್ಕೆರಡು ಸಲವಾದರೂ ಸಾಕ್ಷಿ ಹೇಳುತ್ತಿದ್ದ. ಆ ಸಾಕ್ಷಿಯಲ್ಲಿ ಕರ್ತನಿದ್ದ, ನಿಜಾಮರಿದ್ದರು, ದೇವದಾನಪ್ಪನಂತೂ ಇದ್ದೇ ಇದ್ದ. ಅವನು ಬರುವವರೆಗೆ ಜಗಲಿಯ ಮೇಲೆ ನಿಂತು, ಕುಂಯ್ಗುಡುವ ಸಣ್ಣ ದನಿಯಲ್ಲಿ ಅವನ ಕೂಗನ್ನೂ ತಾನೇ ಕೂಗುತ್ತಿದ್ದ ಖಾಜಾಹುಸೇನ ಮಾತ್ರ ಇರಲಿಲ್ಲ.

ಈಗ ರವಿವಾರ ಎಲ್ಲರಿಗೂ ಸೂಟಿ, ಶುಕ್ರವಾರ ಕಚೇರಿ. ಹುಕುಂ ಬಂದ ದಿನ ದೇವದಾನಪ್ಪ ಅಕ್ಷರಶಃ ಅತ್ತಿದ್ದ. ಸುವಾರ್ತಮ್ಮನಿಂದ ಸಜ್ಜಕ ಮಾಡಿಸಿ ಓಣಿಗೆಲ್ಲ ಹಂಚಿದ್ದ. ಮೊದಲನೆಯ ರವಿವಾರ ಕೊನೆಯವರೆಗೆ ಕೂತ, ಬಹಳ ಸಂತೋಷವಾಯಿತು. ಎರಡನೆಯ ರವಿವಾರ ಬೋಧನೆ ಇಷ್ಟು ಉದ್ದವಿರುತ್ತದೆಯೇ ಅನಿಸಿತು. ಮೂರನೆಯ ರವಿವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಜೊತೆ ಅಂಗಳದಲ್ಲಿ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಯಾರೂ ತಿರುಗಿ ನೋಡಲಿಲ್ಲ, ನೋಡುವುದಕ್ಕೆ ಏನಿತ್ತು? ಪ್ರಾರ್ಥನೆಯ ಗಂಧವೇ ಇಲ್ಲದ ಕಾರಕೂನರು ರವಿವಾರ ಕಟ್ಟೆಯ ಮೇಲೆ ಪಗಡೆ ಹಾಸಿಕೊಂಡು ಕೂತಿದ್ದರು. ಹನ್ನೆರಡು ವರ್ಷ ತಾನು ಬೆವರು ಸುರಿಸಿ ಗಳಿಸಿದ ರವಿವಾರ ಅವರಿಗೆ ಪುಕ್ಕಟೆ ಸಿಕ್ಕಿತ್ತು. ದೇವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ತಪ್ಪೆಂದು ಗೊತ್ತಿದ್ದರಿಂದ ಅವನು ಅಂದು ಮನೆಗೆ ಬಂದು ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಹೆಂಡತಿಯ ಮೇಲೆ ಸಿಟ್ಟು ಮಾಡಿದ. ಉಪ್ಪು ಸರಿಯಾಗಿಯೇ ಇತ್ತು.

ಸಾಹೇಬರ ಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಖಾಜಾಹುಸೇನ ಉದ್ದನೆಯ ಕಾಲುಗಳನ್ನು ಮಡಚಿ ಕೂತಿದ್ದ. ಗಂಟೆ ಬಾರಿಸಿದರೆ ಒಳಗೆ ಹೋಗುವುದು ಅವನ ಕೆಲಸ.

"ಬಾ ಪಾದ್ರಿ," ಅಂದ. ಅವನು ದೇವದಾನಪ್ಪನನ್ನು ಹೆಸರು ಹಿಡಿದು ಕರೆಯುವುದೇ ಅಪರೂಪ. "ರೊಟ್ಟಿ ತಂದೀಯೋ, ಬರೇ ಸ್ತೋತ್ರ ತಂದೀಯೋ?"

"ಎರಡೂ ತಂದೀನಿ."

"ಹಂಗಾದ್ರ ಸ್ತೋತ್ರ ನೀ ಇಟ್ಕೋ. ರೊಟ್ಟಿ ಇತ್ಲಾಗ ಕೊಡು."

ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು. ದೇವದಾನಪ್ಪ ಬಾಯಿ ತೆರೆದ. ಖಾಜಾಹುಸೇನನ ಗಡ್ಡ ಈ ವರ್ಷದಲ್ಲಿ ಬೆಳ್ಳಗಾಗಿದ್ದು ಕಣ್ಣಿಗೆ ಬಿತ್ತು. ಮೊದಲು ಜಗಲಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ನಗುತ್ತಿದ್ದವನು ಗದ್ದಲದ ನಂತರ ತನ್ನ ನಗುವನ್ನು ಸ್ಟೂಲಿನಿಂದ ಆಚೆಗೆ ಬಿಡುತ್ತಿರಲಿಲ್ಲ. ಹೊಸ ಜನ ಒಳಗೆ ಬಂದರೆ ಎದ್ದು ಗೋಡೆಗೆ ಒತ್ತಿ ನಿಲ್ಲುತ್ತಿದ್ದ. ಶುಕ್ರವಾರ ಮಧ್ಯಾಹ್ನ ಕೆಳಗಿನ ಮಸೀದಿಯಿಂದ ಬಾಂಗು ಕೇಳಿದಾಗ ಮೆಲ್ಲಗೆ ಕಚೇರಿಯ ಹಿಂದೆ ನೀರಿನ ಕೊಡಗಳಿರುವ ಕಡೆ ಹೋಗಿ, ಹೆಗಲ ವಸ್ತ್ರ ಹಾಸಿ, ಒಬ್ಬನೇ ಬೇಗ ಬೇಗ ನಮಾಜು ಮುಗಿಸಿ ಹಣೆ ಒರೆಸುತ್ತ ಬಂದು ಕೂರುತ್ತಿದ್ದ. ಒಬ್ಬನೇ ಮಾಡಿದ್ದು ಜುಮ್ಮಾ ಆಗುವುದಿಲ್ಲ. ಇದನ್ನು ಎಷ್ಟೋ ವರ್ಷಗಳ ಹಿಂದೆ ಅವನೇ ಹೇಳಿದ್ದ: "ಭುಜಕ್ಕ ಭುಜ ಹಚ್ಚಿ ಮಂದಿ ನಿಂತ್ರ ಅದು ಜುಮ್ಮಾ. ಇಲ್ಲಾಂದ್ರ ಅದೂ ದಿನದ ನಮಾಜ್ ಅಷ್ಟ." ಆಗ ಇಬ್ಬರೂ ನೀರಿನ ಕೊಡಗಳ ಹತ್ತಿರವೇ ನಿಂತಿದ್ದರು. ಅದೇ ಜಾಗ. ದೇವದಾನಪ್ಪ ನೌಕರಿಗೆ ಸೇರಿದ ದಿನ, ಮುದನಾಳದ ಮಾದಿಗರ ಓಣಿಯಲ್ಲಿ ಹುಲಗಪ್ಪನಾಗಿ ಹುಟ್ಟಿದವನು ಬ್ಯಾಪ್ಟಿಸಂ ತಗೊಂಡು ದೇವದಾನನಾದರೆ ಬಾಯಾರಿಕೆಯೇನೂ ಬೇರೆಯಾಗುವುದಿಲ್ಲವಲ್ಲ, ನೀರು ಕೇಳಿದ್ದ. ಕಾರಕೂನನೊಬ್ಬ ಮೇಲಿನಿಂದ ಬೊಗಸೆಗೆ ಸುರಿಯಲು ಬಂದಾಗ ಉದ್ದನೆಯ ಕೈಯೊಂದು ನಡುವೆ ಬಂದು ಗ್ಲಾಸು ಚಾಚಿತ್ತು. "ಇದರಾಗ ಕುಡಿ. ಇದು ನಂದು, ಇದನ್ನೂ ಯಾರೂ ಮುಟ್ಟಂಗಿಲ್ಲ." ಅಂದಿನಿಂದ ಅದು ಇಬ್ಬರ ಗ್ಲಾಸು.

"ಏನು ಬಾಯಿ ತಕ್ಕೊಂಡು ನಿಂತಿ? ನೊಣ ಹೊಕ್ಕೀತು," ಎಂದ ಖಾಜಾಹುಸೇನ.

"ಏನಿಲ್ಲ," ಎಂದ ದೇವದಾನಪ್ಪ.

ಆದರೆ ಏನಿಲ್ಲ ಅಂದ ಮೇಲೆ ಮನಸ್ಸಿಗೆ ಹೊಸದೊಂದು ಹುರುಪು ಬಂತು. ಹೀಗೆ ಇಬ್ಬರೊಳಗೇ ಮಾತಾಡಿ ಮುಗಿಸುವುದಲ್ಲ ಇದು. ಸಾಹೇಬರ ಅಪ್ಪಣೆಯನ್ನೇ ಪಡೆದುಬಿಟ್ಟರೆ ಪ್ರತಿ ಶುಕ್ರವಾರಕ್ಕೂ ಕಾಯಂ ಆಯಿತು. ಹೊಸ ಮುನ್ಸೀಫರು ಧಾರವಾಡದ ಕಡೆಯವರು, ಸಿಡುಕಿನವರಾದರೂ ಕೆಟ್ಟವರಲ್ಲ. ಅವರು ಬಂದ ಮೊದಲ ದಿನವೇ ದೇವದಾನಪ್ಪ ತನ್ನ ರವಿವಾರದ ಕಥೆಯನ್ನು ಅವರ ಮುಂದೆ ಹೇಳಿಕೊಂಡಿದ್ದ. ಅವರು ಬೂಟಿನ ದಾರ ಬಿಚ್ಚುತ್ತ ಹೂಂ ಅಂದಿದ್ದರು. ಈಗ ಅದೇ ಮನುಷ್ಯ ಬೇರೆ ಧರ್ಮದವನ ಪರವಾಗಿ ಬಂದು ನಿಂತನೆಂದರೆ ಏನನ್ನುತ್ತಾರೆ? ದೇವದಾನಪ್ಪ ಆ ದೃಶ್ಯವನ್ನು ಕಲ್ಪಿಸಿಕೊಂಡ. ಸಾಹೇಬರು ಕನ್ನಡಕ ತೆಗೆದು ಅವನ ಮುಖ ನೋಡಿದರು. ಅಯ್ಯನವರಿಗೂ ಸುದ್ದಿ ತಲುಪಿತು. ಕೊರಳಪಟ್ಟಿಯ ಗುಂಡಿ ಹಾಕಿಕೊಂಡು, ಕಚೇರಿ ಕೂರುವ ಮೊದಲೇ ಒಳಗೆ ಹೋಗಿಬಿಟ್ಟ.

ಒಳಗೆ ಸಾಹೇಬರೊಬ್ಬರೇ ಇರಲಿಲ್ಲ. ಶಿರಸ್ತೇದಾರ ಗುರಪ್ಪನೂ ಶಹಾಪುರದಿಂದ ಬಂದ ಇಬ್ಬರು ವಕೀಲರೂ ಇದ್ದರು. ಅದನ್ನು ನೋಡಿ ಯಾರಾದರೂ ಹಿಂದೆ ಸರಿಯುತ್ತಿದ್ದರು. ದೇವದಾನಪ್ಪನಿಗೆ, ಮುಚ್ಚುಮರೆ ಯಾಕೆ, ನಾಲ್ಕು ಜನ ಇದ್ದದ್ದು ಒಳ್ಳೆಯದೇ ಅನಿಸಿತು.

"ಸಾಹೇಬ್ರ, ಒಂದು ಅರ್ಜಿ ಅದರಿ. ನಾನು ಕ್ರಿಸ್ತಾನ ಮನುಷ್ಯ ರಿ. ಒಬ್ಬರ ಕಷ್ಟ ಇನ್ನೊಬ್ಬರು ಹೊರಬೇಕಂತ ನಮ್ಮ ಧರ್ಮ ಹೇಳ್ತದರಿ. ಈ ಖಾಜಾಹುಸೇನ ಜುಮ್ಮಾ ನಮಾಜಿಗೆ ಹೋಗಲಾರದ ಭಾಳ ಸಂಕಟ ಪಡಾಕತ್ಯಾನ್ರಿ. ತಾವು ಅಪ್ಪಣಿ ಕೊಟ್ಟರ ಶುಕ್ರವಾರಕ್ಕೊಮ್ಮೆ ಅವನ ಕೆಲಸ ನಾ ಮಾಡ್ತೀನ್ರಿ."

ಸಾಹೇಬರು ಕನ್ನಡಕ ತೆಗೆಯಲಿಲ್ಲ. "ಅಂವಾ ಕೇಳ್ಯಾನೇನು?"

"ಇಲ್ರಿ."

"ಮತ್ತ ನೀ ಯಾಕ ಕೇಳಾಕತ್ತಿ?" ಎಂದು ಗಂಟೆ ಬಾರಿಸಿದರು.

ಖಾಜಾಹುಸೇನ ಬಂದು ನಿಂತ. ಸಾಹೇಬರು ಕೇಳಿದ್ದು ಮೆದುವಾಗಿಯೇ: "ಏನಪಾ, ಕಚೇರಿ ವ್ಯಾಳ್ಯಾದಾಗ ನಮಾಜಿಗೆ ಹೋಗಬೇಕಂತೇನು ನಿನಗ?" ಆದರೆ ಮೆದುವಾಗಿ ಕೇಳಿದ ಮಾತಿಗೂ ನಾಲ್ಕು ಜನರ ಕಣ್ಣುಗಳಿದ್ದವು. ವಕೀಲರಲ್ಲಿ ಒಬ್ಬ, "ಜುಮ್ಮಾ ಸೂಟಿ ಇನ್ನಾ ಮರತಿಲ್ಲೇನು ಇವರು," ಎಂದು ನಕ್ಕ. ಗುರಪ್ಪನೂ ನಕ್ಕ, ವಕೀಲರು ನಕ್ಕರೆ ನಗುವುದು ಅವನ ಪದ್ಧತಿ. ಖಾಜಾಹುಸೇನ ದೇವದಾನಪ್ಪನ ಕಡೆ ಒಮ್ಮೆ ಮಾತ್ರ ನೋಡಿದ.

"ಇಲ್ಲ ಹುಜೂರ್. ಅಂಥಾದ್ದೇನಿಲ್ಲ. ಯಾರೋ ಸುಳ್ಳ ಹೇಳ್ಯಾರ."

ಹೊರಗೆ ಬಂದ ಮೇಲೆ ಖಾಜಾಹುಸೇನ ಕೂರಲಿಲ್ಲ. ಕಂಬದ ಮರೆಗೆ ದೇವದಾನಪ್ಪನ ತೋಳು ಹಿಡಿದು ಎಳೆದುಕೊಂಡು ಹೋದ.

"ನಿನಗ ಯಾರು ಹೇಳಿದ್ರೋ? ಹಾಂ? ಈ ವರ್ಷ ಪೂರಾ ಯಾರ ಕಣ್ಣಿಗೂ ಬೀಳಲಾರದಂಗ ಕುಂತೀನಿ ನಾನು. ಇವತ್ತು ಹಿಡಕೊಂಡು ಹೋಗಿ ನಾಕು ಮಂದಿ ಮುಂದ ನಿಲ್ಲಿಸಿದಿ."

"ಒಳ್ಳೇದಕ್ಕಂತ..."

"ನಕ್ಕೋ, ಬ್ಯಾಡ. ನಿನ್ನ ಒಳ್ಳೇದು ನಿನ್ನ ಹಂತ್ಯಾಕ ಇಟ್ಕೋ. ಇನ್ನ ಹಿಂದ ಕೊಡದ ಹಂತ್ಯಾಕ ನಿಂತು ನಮಾಜ್ ಮಾಡಾಕೂ ಆಗಂಗಿಲ್ಲ, ಗುರಪ್ಪ ನೋಡ್ತಿರ್ತಾನ. ನಾ ಯಾವತ್ತರೆ ಯಾರ ಮುಂದರೆ ಅಂದೀನೇನು, ದೇವದಾನ ಚರ್ಚಿಗೆ ಹೋಗ್ಯಾನ ಅಂತ?"

ದೇವದಾನಪ್ಪನಿಗೆ ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಒಂದು ಪ್ರಶ್ನೆ ಹೊಳೆಯಿತು. "ಮತ್ತ ಆಗಿನ ಸಾಹೇಬ್ರು ಕೇಳಿದಾಗ ಏನಂತಿದ್ದಿ?"

"ಏನರೆ ಅಂತಿದ್ದೆ. ಹೊಟ್ಟಿ ಬ್ಯಾನಿ ಅಂತಿದ್ದೆ. ಎತ್ತು ಕಳದಾವ ಅಂತಿದ್ದೆ." ಸಿಟ್ಟಿನ ನಡುವೆಯೂ ಅವನ ಬಾಯಿಯ ಒಂದು ಮೂಲೆ ಸಡಿಲವಾಯಿತು. "ನಿನ್ನ ಮಾವನ್ನ ಎಷ್ಟು ಸಲ ಮಣ್ಣ ಮಾಡೀನಿ ಅನ್ನೂದಕ್ಕ ಲೆಕ್ಕಽ ಇಲ್ಲ. ಒಮ್ಮೆ ಆ ಸಾಹೇಬನಽ ಕೇಳಿದ, ಮೊಹರಮ್ಮಿಗೆ ಒಮ್ಮೆ ಸತ್ತಿದ್ನಲ್ಲಾ ಅಂವಾ, ಅಂತ. ಇಂವಾ ಎರಡನೇ ಮಾವ ಹುಜೂರ್ ಅಂದೆ. ದಂಡಾ ಹಾಕಿದ. ಹಾಕ್ಲಿ ಬಿಡು."

ಮಾವ ಶಹಾಪುರದಲ್ಲಿ ಇವತ್ತಿಗೂ ಮೂರು ಹೊತ್ತು ಉಂಡುಕೊಂಡು ಗಟ್ಟಿಯಾಗಿದ್ದ. ದೇವದಾನಪ್ಪನಿಗೆ ನಗು ಬಂತು, ನಗು ಬಂದ ಕೂಡಲೇ ತನ್ನ ಸಾಕ್ಷಿಯ ಮಾತು ನೆನಪಾಯಿತು. ಒಂದು ಸುಳ್ಳನ್ನೂ ಆಡದೆ ಕರ್ತನು ನನ್ನನ್ನು ನಡೆಸಿದ್ದಾನೆ. ಹೌದು, ನಡೆಸಿದ್ದ, ಸುಳ್ಳೆಲ್ಲ ಈ ಮನುಷ್ಯ ಆಡಿದ್ದ, ದಂಡವನ್ನೂ ಈ ಮನುಷ್ಯನೇ ಕಟ್ಟಿದ್ದ. ಕಟ್ಟಿ ಬಂದು, ಏರು ಹತ್ತಿ ಏದುಸಿರು ಬಿಡುತ್ತಿದ್ದ ತನ್ನನ್ನು ನೋಡಿ, ಮುಗೀತೇನು ನಿಮ್ಮ ಗಾಯನ, ಎಂದಷ್ಟೇ ಕೇಳುತ್ತಿದ್ದ. ತಾನು ಅದಕ್ಕೂ ಸ್ತೋತ್ರ ಅನ್ನುತ್ತಿದ್ದ. ದೇವದಾನಪ್ಪನಿಗೆ ನಾಚಿಕೆಯಾಯಿತು, ಸಾಕ್ಷಿ ಹೇಳುವಾಗ ಬರುವಂಥ ಹಿತವಾದ ನಾಚಿಕೆಯಲ್ಲ, ಕಿವಿ ಸುಡುವ ನಾಚಿಕೆ.

ಕಚೇರಿ ಕೂತಿತು. ಹೆಸರು ಕೂಗುವುದು ನಡೆಯಿತು. "ಸಾಬಣ್ಣ ವಲ್ದ್ ಅಯ್ಯಣ್ಣ ಹಾಜರ್ ಹೈ?" ಎಂದು ಹಳೆಯ ರೂಢಿಯಲ್ಲಿ ಕೂಗಿ, ಇನ್ನು ಕನ್ನಡದಲ್ಲೇ ಕೂಗಬೇಕೆಂದು ಅಪ್ಪಣೆಯಾದದ್ದು ನೆನಪಾಗಿ, "ಸಾಬಣ್ಣ ತಂದಿ ಅಯ್ಯಣ್ಣ ಬಂದಾರೇನ್ರಿ?" ಎಂದು ತಿದ್ದಿಕೊಂಡ. ಬಂದ ಸಾಬಣ್ಣನಿಗೆ ತನ್ನಂಥವರು ಇಬ್ಬರಿರಬೇಕೆಂದು ಗಾಬರಿಯಾಯಿತು. ರಾಮಸಮುದ್ರದ ಹೊಲದ ಬದುವಿನ ವಾದವನ್ನು ವಕೀಲರು ಎಳೆಯುತ್ತ ಹೋದರು. ದೇವದಾನಪ್ಪನ ಕಿವಿ ಮಾತ್ರ ಕೆಳಗಿನ ಓಣಿಯ ಕಡೆಗಿತ್ತು. ಮೊದಲಿದ್ದ ಕೊಡಗಳ ಮರೆಯೂ ಈಗ ಹೋಯಿತು, ಅದನ್ನು ಕಳೆದವನು ತಾನೇ. ಸಾಹೇಬರ ಮುಂದೆ ಬೇಡ ಅಂದ ಮೇಲೆ ಖಾಜಾಹುಸೇನ ಇನ್ನು ಎಂದೂ ಕೇಳುವ ಹಾಗಿಲ್ಲ. ಕ್ಷಮಿಸು ಎಂದು ದೇವರನ್ನು ಕೇಳೋಣವೆಂದರೆ, ತಪ್ಪು ಮಾಡಿದ್ದು ದೇವರಿಗಲ್ಲ, ಸ್ಟೂಲಿನ ಮೇಲೆ ಕೂತವನಿಗೆ. ಇಷ್ಟು ಸರಳವಾದದ್ದು ಇಷ್ಟು ದಿನ ಯಾಕೆ ತಿಳಿದಿರಲಿಲ್ಲವೋ.

ಸಾಹೇಬರು ತೀರ್ಪು ಬರೆಯಲು ಒಳಗಿನ ಕೋಣೆಗೆ ಎದ್ದು ಹೋದರು. ಬಾಂಗು ಕೇಳಿಸಿತು. ಖಾಜಾಹುಸೇನ ಕೇಳಿಸದವನ ಹಾಗೆ ಎದುರಿನ ಗೋಡೆ ನೋಡುತ್ತ ಕೂತ. ದೇವದಾನಪ್ಪ ಅವನ ಹತ್ತಿರ ಹೋದ.

"ಏಳು."

"ಯಾಕ?"

"ಏಳು ಅಂದ್ರ ಏಳು." ಅವನನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟ. "ನಾ ಇನ್ನ ಏಳಂಗಿಲ್ಲ. ನೀ ಇಲ್ಲಿ ನಿಂತ್ರ ಬಾಗಲಾಗ ಇಬ್ಬರು ಜವಾನರು ಯಾಕ ಅಂತ ಗುರಪ್ಪ ಕೇಳ್ತಾನ. ಎಲ್ಲೆರೆ ಹೋಗು."

"ಸಾಹೇಬನ ಮುಂದ ಬ್ಯಾಡ ಅಂದೀನಿ ಪಾದ್ರಿ."

"ನಿನಗ ನಮಾಜಿಗೆ ಹೋಗಂತ ನಾ ಎಲ್ಲಿ ಅಂದೆ? ಎಲ್ಲೆರೆ ಹೋಗಂದೆ. ಅರ್ಧಾ ತಾಸು ಬಿಟ್ಟು ಬಾ. ಹೋಗೋ ಮಾರಾಯಾ, ಹೊತ್ತಾಗ್ತದ."

ಖಾಜಾಹುಸೇನ ಅವನ ಮುಖವನ್ನು ದಿಟ್ಟಿಸಿ ನೋಡಿದ. ಮತ್ತೆ ಯಾವ ಭಾಷಣ ಬರುತ್ತದೋ ಎಂದು ಕಾದಿದ್ದನೋ ಏನೋ. ಭಾಷಣ ಬರಲಿಲ್ಲ. ಪಟ್ಟಿ ಬಿಚ್ಚಿ ದೇವದಾನಪ್ಪನ ಮಡಿಲಲ್ಲಿ ಹಾಕಿ, ಹೆಗಲ ವಸ್ತ್ರವನ್ನು ತಲೆಗೆ ಸುತ್ತುತ್ತ ಹಿಂದಿನ ಮೆಟ್ಟಿಲಿನಿಂದ ಇಳಿದು, ಇಳಿಜಾರಿನಲ್ಲಿ ಉದ್ದನೆಯ ಕಾಲು ಹಾಕುತ್ತ ಹೋದ. ಕಡೆಕಡೆಗೆ ಓಡಿದ.

ಸಾಹೇಬರ ಗಂಟೆ ಬಡಿಯಿತು. ಬಡಿಯದೆ ಬಿಡುತ್ತದೆಯೇ.

ಒಳಗೆ ಬಂದವನನ್ನು ನೋಡಿ ಸಾಹೇಬರು ಪೆನ್ನು ಕೆಳಗಿಟ್ಟರು. "ಖಾಜಾಹುಸೇನ ಎಲ್ಲಿ?"

ಎತ್ತು, ಹೊಟ್ಟೆ ಬೇನೆ, ಮಾವಂದಿರು ಎಲ್ಲರೂ ದೇವದಾನಪ್ಪನ ನಾಲಿಗೆಯ ತುದಿಗೆ ಬಂದು ನಿಂತರು. ಒಬ್ಬನೂ ಹೊರಗೆ ಕಾಲಿಡಲಿಲ್ಲ. ಸುಳ್ಳಾಡುವುದಕ್ಕೂ ಅಭ್ಯಾಸ ಬೇಕು. ನಮಾಜಿಗೆ ಹೋಗಿದ್ದಾನೆ ಅಂದರೆ ನಿಜ, ಆದರೆ ಆ ನಿಜ ಬೀಳುವುದು ಖಾಜಾಹುಸೇನನ ತಲೆಯ ಮೇಲೆ.

"ನಾನು ಕಳಿಸೀನ್ರಿ," ಎಂದ.

"ಎಲ್ಲಿಗೆ?"

"ನನ್ನ ಕೆಲಸಕ್ಕ ರಿ."

ಸಾಹೇಬರು ಗೋಡೆಯ ಗಡಿಯಾರ ನೋಡಿದರು. ಕಿಟಕಿ ನೋಡಿದರು. ಕೊನೆಗೆ ದೇವದಾನಪ್ಪನನ್ನು ನೋಡಿದರು, ಈ ಸಲ ಕನ್ನಡಕ ತೆಗೆದು. ಅವರಿಗೆ ತಿಳಿಯಿತು ಎಂದು ದೇವದಾನಪ್ಪನಿಗೂ ತಿಳಿಯಿತು.

"ಸರಕಾರಿ ಜವಾನನ್ನ ನಿನ್ನ ಸ್ವಂತ ಕೆಲಸಕ್ಕ ಕಳಸ್ತೀ?"

"ತಪ್ಪಾತ್ರಿ."

"ತಪ್ಪಾತು ಅಂದ್ರ ಮುಗೀತೇನು? ರವಿವಾರ ನಿನಗ ಭಾಳ ದೊಡ್ಡದಂತ ನಾ ಬಂದ ದಿವಸ ಹೇಳಿದ್ದಿ ನೋಡು."

"ಹೌದ್ರಿ."

"ಈ ರವಿವಾರ ಮುಂಜಾನೆ ಬಂದು ದಫ್ತರದ ಕೋಣಿ ಧೂಳ ಹೊಡಿ. ನಿಜಾಮನ ಕಾಲದ ಧೂಳದ ಅಲ್ಲಿ." ಅವರು ಪೆನ್ನು ಎತ್ತಿಕೊಂಡು ಕಾದರು. ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು: ನಮಾಜಿಗೆ ಕಳಿಸಿದೆ, ನನಗಾಗಿ ಅಲ್ಲ. ಶಿಕ್ಷೆಯೂ ತಪ್ಪುತ್ತಿತ್ತು, ಹೊಗಳಿಕೆಯೂ ಸಿಗುತ್ತಿತ್ತೋ ಏನೋ. ದೇವದಾನಪ್ಪ ತನ್ನ ಕಾಲ ಹೆಬ್ಬೆರಳು ನೋಡುತ್ತ ನಿಂತ.

"ಬರೂ ಶುಕ್ರವಾರನೂ ನಿನಗ ಕೆಲಸ ಇರ್ತದೇನು?"

"ಇರ್ತದರಿ."

"ಹಂಗಾದ್ರ ಬರೂ ರವಿವಾರನೂ ಅಲ್ಲಿ ಧೂಳ ಇರ್ತದ. ತಿಳೀತಿಲ್ಲೋ?"

"ತಿಳೀತ್ರಿ."

"ಹೋಗು. ನೀರು ತಗೊಂಡು ಬಾ."

ಖಾಜಾಹುಸೇನ ಹಿಂದಿರುಗಿದಾಗ ಅವನ ಮೈಯಿಂದ ಅತ್ತರಿನ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ನಿಂತ ಯಾರದೋ ಭುಜದಿಂದ ಅಂಟಿದ್ದಿರಬೇಕು. ಪಟ್ಟಿ ತೊಡುತ್ತ ಕೇಳಿದ: "ಸಾಹೇಬ ಕೇಳಿದ್ನೇನು?"

"ನೀರು ಕೇಳಿದ್ರು. ಕೊಟ್ಟೆ."

ಸಂಜೆ ಇಬ್ಬರೂ ಜೊತೆಯಲ್ಲೇ ಇಳಿಜಾರು ಇಳಿದರು. ಖಾಜಾಹುಸೇನ ಬಹಳ ದಿನಗಳ ಮೇಲೆ ಗಟ್ಟಿಯಾಗಿ ಮಾತಾಡಿದ. ಮಸೀದಿಯಲ್ಲಿ ಯಾರು ಯಾರಿದ್ದರು, ಜಲಾಲುದ್ದೀನ ತಪ್ಪಿಹೋದ ಆಡು ಸಿಕ್ಕಿತೆಂದು ಎಲ್ಲರಿಗೂ ಬೆಲ್ಲ ಹಂಚಿದ್ದು, ತನ್ನನ್ನು ಕಂಡು ಮುದುಕನೊಬ್ಬ ಸತ್ತವನು ಎದ್ದು ಬಂದಂತೆ ನೋಡಿದ್ದು. "ನೀನರ ಆರಾಮಪ್ಪಾ ಪಾದ್ರಿ, ನಾಡದು ಹೊಟ್ಟಿ ತುಂಬ ಗಾಯನ ಮಾಡು," ಎಂದು ಬೆನ್ನು ತಟ್ಟಿದ. ದೇವದಾನಪ್ಪನ ಗಂಟಲಿಗೆ ಇಡೀ ಕಥೆ ಬಂದಿತ್ತು. ಹೇಳಿಬಿಡಲೇ ಅನಿಸಿತು, ಹೇಳಿದರೆ ಎಷ್ಟು ಚೆನ್ನಾಗಿ ಕೇಳಿಸುತ್ತದೆ! ಆದರೆ ಹೇಳಿದರೆ ಬರುವ ಶುಕ್ರವಾರ ಈ ಮನುಷ್ಯ ಸ್ಟೂಲು ಬಿಟ್ಟು ಏಳುವುದಿಲ್ಲ. ಹನ್ನೆರಡು ವರ್ಷ ಏರು ಹತ್ತಿ ಓಡಿದ್ದಕ್ಕಿಂತ ಬಾಯಿ ಮುಚ್ಚಿಕೊಂಡು ಈ ಇಳಿಜಾರು ಇಳಿಯುವುದು ಕಷ್ಟವಾಯಿತು.

ಮನೆಯಲ್ಲಿ ಸುವಾರ್ತಮ್ಮ ಅವನ ರವಿವಾರದ ಬಿಳಿ ಅಂಗಿಯನ್ನು ಒಗೆದು ಹಗ್ಗದ ಮೇಲೆ ಹಾಕಿದ್ದಳು. ಅದನ್ನು ತೆಗೆದು ಮಡಚುತ್ತ ಅವನು ಸಹಜವಾಗಿ ಅಂದ:

"ಈ ರವಿವಾರ ನಾ ಪ್ರಾರ್ಥನಾಕ್ಕ ಬರಂಗಿಲ್ಲ. ಕಚೇರ್ಯಾಗ ಕೆಲಸದ."

"ರವಿವಾರ? ಈಗ ಸೂಟಿ ಅಲ್ಲೇನ್ರಿ?" ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಎಂಥಾ ಕೆಲಸ?"

"ಧೂಳ ಹೊಡಿಯೂದು."

"ಧೂಳ! ನಿಜಾಮರ ಕಾಲದಾಗ ಬಿಡಲಾರದ ಪ್ರಾರ್ಥನಾ ಈಗ ಧೂಳ ಹೊಡ್ಯಾಕ ಬಿಡ್ತೀರಿ? ಮಂದಿ ಏನಂದಾರು? ಹೊಸ ಸಾಹೇಬನ ಕಾಲು ಒತ್ತಾಕತ್ಯಾನ ಅಂತಾರ."

"ಅನ್ಲಿ."

"ಒಂದಽ ರವಿವಾರ ಹೌದಲ್ಲೋ?"

"ಧೂಳ ಭಾಳ ಅದ."

ಸುವಾರ್ತಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇಷ್ಟು ದೊಡ್ಡ ಮಾತನ್ನು ಇವನು ಸ್ತೋತ್ರ ಇಲ್ಲದೆ, ಕಾರಣ ಇಲ್ಲದೆ, ಇಷ್ಟು ಸಣ್ಣದಾಗಿ ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅಯ್ಯನವರು ಈ ವಾರ ಯಾದಗಿರಿಯಿಂದ ಬರುವವರಿದ್ದರು, ಬಂದ ಕೂಡಲೇ ಎಲ್ಲರ ಮುಂದೆ ಮೊದಲು ವಿಚಾರಿಸುವುದು ಇವನನ್ನೇ.

"ಅಯ್ಯನವರು ಕೇಳಿದ್ರ ಏನಂತ ಹೇಳ್ಲಿ?"

ಅಂಗಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದ ದೇವದಾನಪ್ಪನಿಗೆ ಆ ಅಂಗಳ, ಅಲ್ಲಿ ತಿರುಗಿ ನೋಡುವ ಮುಖಗಳು, ಎಲ್ಲ ಕಣ್ಣ ಮುಂದೆ ಬಂದವು. ಸಂಕಟವೇ ಆಯಿತು.

"ಇದ್ದದ್ದಽ ಹೇಳು," ಅಂದ. "ಧೂಳ ಹೊಡ್ಯಾಕ ಹೋಗ್ಯಾನ ಅನ್ನು."